ಅಪ್ಪನ ಎಡಗಾಲಿಗೆ ಸುಣ್ಣದ ಬೂಟು

ವಕ್ಷು ನದಿಯಾಚೆಯ ಹುಲ್ಲುಗಾವಲಲ್ಲಿ ಡೇರೆ ಹಾಕಿರುವ ನನ್ನ ಅಣ್ಣ ವಿರ್ಕಕನಿಗೆ, ಪುಷ್ಕಲಾವತಿಯಿಂದ ತಂಗಿ ಅಮಾಗಿ ಯಾರಿಂದಲೂ ಬರೆಸದೆ ತನ್ನ ಕೈಯಾರೆ ಬರೆದ ಓಲೆ.

ಅಪ್ಪ ಸತ್ತಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕದ್ದನ್ನು ಕೇಳುವ ತಾಳ್ಮೆ ನಿನಗೆ ಇರುತ್ತದೋ ಇಲ್ಲವೋ. ನಿನಗೆ ಓದು ಬರುವುದಿಲ್ಲ. ನನಗೂ ಮೊನ್ನೆ ಮೊನ್ನೆಯವರೆಗೆ ಬರುತ್ತಿರಲಿಲ್ಲ, ವಿಹಾರದ ಭಂತೆ ಸುಯಶರು ಕಲಿಸಿದರು. ಉಪ್ಪಿನ ವ್ಯಾಪಾರಿಯೊಬ್ಬ ಇದನ್ನು ನಿನ್ನ ಡೇರೆಯಲ್ಲಿ ಕೂತು ಓದಿ ಹೇಳುತ್ತಾನೆ. ಓದುವ ಅಪ್ಪಯ್ಯಾ, ನಿನಗೂ ಒಂದು ಮಾತು: ಸಂತೆಯಲ್ಲಿ ಉಪ್ಪು ಕೂಗುವ ಹಾಗೆ ಓದಬೇಡ, ಮೆಲ್ಲಗೆ ಓದು. ನನ್ನಣ್ಣ ಸಿಟ್ಟು ಬಂದರೆ ಎದ್ದು ಹೊರಗೆ ಹೋಗುತ್ತಾನೆ. ಅವನು ಎದ್ದರೆ ನೀನೂ ಎದ್ದು ಅವನ ಹಿಂದೆಯೇ ನಡೆಯುತ್ತಾ ಓದು.

ಅಣ್ಣಾ, ನೀನು ಅಪ್ಪ ಸತ್ತನೆಂದು ಅವನ ಹೆಸರಿನಲ್ಲಿ ಕುದುರೆಯ ಬಾಲ ಕತ್ತರಿಸಿದ್ದು, ಕೆನ್ನೆ ಗೀರಿಕೊಂಡದ್ದು, ಹಿರಿಯರು ನಿನ್ನನ್ನು ಅಪ್ಪನ ಹಾಸಿನ ಮೇಲೆ ಕೂರಿಸಿ ಒಡೆಯ ಅಂದದ್ದು, ಎಲ್ಲವೂ ನಮಗೆ ಗೊತ್ತಾಯಿತು. ಆ ಸುದ್ದಿಯನ್ನು ನಾನೇ ಅಪ್ಪನಿಗೆ ಹೇಳಿದೆ. ಅವನು ಆಗ ಜಗಲಿಯಲ್ಲಿ ಕೂತು ಜರ್ದಾಳು ಹಣ್ಣು ತಿನ್ನುತ್ತಿದ್ದ. "ಕುರಿ ಎಷ್ಟು ಕಡಿದ್ರಂತೆ?" ಅಂದ. ಬಹಳ ಕಡಿದರಂತೆ ಅಂದೆ. "ಹಂಗಾದ್ರೆ ಮರ್ಯಾದೆಯಿಂದ್ಲೇ ಕಳಿಸವ್ನೆ ಬಿಡು," ಅಂದು ಬೀಜ ಉಗುಳಿದ. ನನಗೆ ನಗು ಬಂತು. ಆಮೇಲೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ, ಊಟಕ್ಕೆ ಕರೆದರೂ ಏಳಲಿಲ್ಲ. ಅವನ ಬೆನ್ನು ಅಲುಗುತ್ತಿತ್ತು. ಅಪ್ಪ ಅಳುವುದನ್ನು ನೀನೂ ಕಂಡಿಲ್ಲ, ನಾನೂ ಅಲ್ಲಿಯವರೆಗೆ ಕಂಡಿರಲಿಲ್ಲ.

ಈಚೆಗೆ ನನಗೆ ಹಗಲಿನಲ್ಲೇ ಕನಸು ಬೀಳುತ್ತದೆ. ಸುಣ್ಣ ಕಲಸುತ್ತಾ ಕೂತವಳು ಇದ್ದಕ್ಕಿದ್ದ ಹಾಗೆ, ನಾವು ಚಿಕ್ಕವರಿದ್ದಾಗ ಈ ಕಡೆ ಬಂದ ಬಂಡಿಯೊಳಗೆ ಇರುತ್ತೇನೆ. ಹಿಮದ ಕಣಿವೆ, ಎತ್ತುಗಳ ಉಸಿರಿನ ಹಬೆ, ನಮ್ಮ ಕೆಳಗೆ ಅಜ್ಜಿ ಉಣ್ಣೆ ತಟ್ಟಿ ಮಾಡಿದ ಆ ದಪ್ಪ ಹಾಸು. ಹಾಸಿನ ಮೇಲೆ ಕೆಂಪು ಜಿಂಕೆಗಳು. ಕಾಲು ಮಡಿಸಿ ಕೂತಿವೆಯೋ ಹಾರುತ್ತಿವೆಯೋ ಹೇಳಲಾಗದು, ಕೊಂಬು ಮಾತ್ರ ಬೆನ್ನಿನುದ್ದಕ್ಕೂ ಹರಿದು ಬಾಲ ಮುಟ್ಟಿದೆ. ನಾವು ಮಲಗಿದ ಮೇಲೆ ಆ ಜಿಂಕೆಗಳು ಎದ್ದು ಬಂಡಿಯ ಮುಂದೆ ದಾರಿ ತೋರಿಸಿಕೊಂಡು ಓಡುತ್ತವೆ ಎಂದು ನೀನು ಹೇಳಿದ್ದೆ. ನಾನು ನಂಬಿ, ಅವು ವಾಪಸು ಬಂದು ಮಲಗಲು ಜಾಗ ಇರಲಿ ಎಂದು ಹಾಸಿನ ಅಂಚಿಗೆ ಸರಿದು ಮುದುರಿಕೊಳ್ಳುತ್ತಿದ್ದೆ. ನಿಜ ಹೇಳಲಾ, ನನಗೆ ಈಗಲೂ ಅದು ಸುಳ್ಳು ಅನ್ನಿಸುವುದಿಲ್ಲ.

ಕಣಿವೆ ಇಳಿದಾಗ ಗಾಳಿಯೇ ಬೇರೆಯಾಗಿತ್ತು, ದ್ರಾಕ್ಷಿಯ ವಾಸನೆ, ಜೊತೆಗೆ ಸುಟ್ಟ ಮರದ ವಾಸನೆ. ನಮ್ಮವರೇ ಸುಟ್ಟದ್ದು. ಗೆದ್ದ ಊರಿಗೆ ಮಕ್ಕಳು ಆಮೇಲೆ ಬರುತ್ತಾರೆ, ಅವರಿಗೆ ಹೊಗೆ ಮಾತ್ರ ಸಿಗುತ್ತದೆ. ಅಪ್ಪ ಅರ್ಧ ಉರಿದ ವಿಹಾರದಲ್ಲಿ ಕುದುರೆ ಕಟ್ಟಿಸಿದ್ದ. ಹುಲ್ಲಿನ ರಾಶಿಯ ಹಿಂದೆ ನಾವಿಬ್ಬರೂ ಆ ಮುಖ ಕಂಡೆವಲ್ಲ, ನೆನಪಿದೆಯಾ? ನೆಲಕ್ಕೆ ಉರುಳಿದ ಕಲ್ಲಿನ ತಲೆ. ಗುಂಗುರು ಕೂದಲು, ಅರ್ಧ ಮುಚ್ಚಿದ ಕಣ್ಣು. ಕತ್ತಿನ ಕೆಳಗೆ ಏನೂ ಇರಲಿಲ್ಲ, ಆದರೂ ಮುಖದಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ. ನೀನು ತುಟಿಗೆ ಬೆರಳಿಟ್ಟು, "ಶ್, ಮಲಗವ್ನೆ ಕಣೇ, ಎಬ್ಬಿಸ್ಬೇಡ," ಅಂದೆ. ಇಬ್ಬರೂ ತುದಿಗಾಲಲ್ಲಿ ಹೊರಗೆ ಬಂದೆವು. ಅವನು ಯಾರು ಎಂದು ಯಾರೂ ನಮಗೆ ಹೇಳಿರಲಿಲ್ಲ. ಅಂದಿನಿಂದ ಅಂಥ ಮುಖದ ಹತ್ತಿರವೇ ಇರಬೇಕೆಂಬ ಹುಚ್ಚು ನನಗೆ ಹತ್ತಿತು.

ಅಪ್ಪನಿಗೆ ಆ ಚಳಿಗಾಲದಲ್ಲಿ ಜ್ವರ ಬಂದು ನಮ್ಮ ಮಂತ್ರಗಾರರೆಲ್ಲ ಕೈ ಚೆಲ್ಲಿದಾಗ, ಸುಟ್ಟ ವಿಹಾರದಲ್ಲೇ ಉಳಿದಿದ್ದ ಸುಯಶರು ಬಾರ್ಲಿ ಗಂಜಿ ಕುಡಿಸಿ ಬದುಕಿಸಿದರು. ಕಣ್ಣು ಬಿಟ್ಟ ಅಪ್ಪ ನಾಚಿಕೊಂಡು ಕುದುರೆಗಳನ್ನು ಬೇರೆ ಕಡೆ ಕಟ್ಟಿಸುತ್ತೇನೆ ಅಂದನಂತೆ. ಭಂತೆ, "ಇನ್ನೊಂದ್ ತಿಂಗ್ಳು ಇರ್ಲಿ ಬಿಡಪ್ಪ. ಲದ್ದಿ ಬಿದ್ದು ನಮ್ ತೋಟ ಈ ಸಲ ಚೆನ್ನಾಗ್ ಬಂದದೆ," ಅಂದರಂತೆ. ಅಪ್ಪ ಬಿದ್ದು ಬಿದ್ದು ನಕ್ಕ. ವಿಹಾರ ಕಟ್ಟಿಸಿಕೊಡುತ್ತೇನೆ, ಸ್ತೂಪಕ್ಕೆ ಕಲ್ಲಿನ ಫಲಕ ಕೊಡುತ್ತೇನೆ ಎಂದು ಅವನು ಮಾತು ಕೊಟ್ಟದ್ದು ಆ ನಗುವಿನಲ್ಲಿ. ನಿನಗೆ ಅದು ಇಷ್ಟವಾಗಲಿಲ್ಲ, ಗೆದ್ದವರು ಗೋಡೆ ಕಟ್ಟಬಾರದು ಅನ್ನುತ್ತಿದ್ದೆ. ಆದರೂ ನಾವು ಬೆಳೆದು ದೊಡ್ಡವರಾದ ಮೇಲೆ ಕಲ್ಲಿನ ಬಂಡೆಯನ್ನು ಗುಡ್ಡದಿಂದ ಇಳಿಸಿದ್ದು ನಿನ್ನ ಎತ್ತುಗಳೇ.

ಆ ಕಲ್ಲಿನ ಜೊತೆಗೇ ನಮ್ಮ ಮನೆಗೆ ದೇನಿಪ ಬಂದ. ಕಲ್ಲು ಕೆತ್ತಲು ಬಂದವನು ನನ್ನನ್ನು ಕಟ್ಟಿಕೊಂಡ ಎಂದು ನೀನು ಹಂಗಿಸುತ್ತಿದ್ದೆ. ಅವನ ಮುತ್ತಜ್ಜಂದಿರೂ ಒಂದು ಕಾಲಕ್ಕೆ ಪಡುವಣ ಸಮುದ್ರದಿಂದ ಈ ನೆಲ ಗೆಲ್ಲಲು ಬಂದ ಯವನರು. ಗೆದ್ದು, ಸೋತು, ಕೊನೆಗೆ ಉಳಿ ಹಿಡಿದು ಕೂತರು. "ನಮ್ಮಜ್ಜ ದ್ರಾಕ್ಷಾರಸ ಕುಡಿದು ತೂರಾಡೋರನ್ನ ಕೆತ್ತುತಿದ್ದ, ನಾನು ಬುದ್ಧನ್ನ ಕೆತ್ತುತೀನಿ. ಬಟ್ಟೆ ಮಡಿಕೆ ಮಾತ್ರ ಎರಡಕ್ಕೂ ಒಂದೇ," ಎಂದು ಅವನು ಮದುವೆಯ ಹೊಸತರಲ್ಲಿ ನನಗೆ ಹೇಳಿದ್ದ. ಅವರ ಮನೆಯ ಹೆಂಗಸರು ಗಾರೆಯ ಕೆಲಸ ಮಾಡುತ್ತಾರೆ. ನಾನೂ ಕಲಿತೆ. ಗೋಡೆಯ ಅಂಚಿಗೆ ದ್ರಾಕ್ಷಿಯ ಬಳ್ಳಿ ಎಳೆಯುವಾಗ ಒಂದು ಸಲ ಬಳ್ಳಿಯ ಸಂದಿಯಲ್ಲಿ ನಮ್ಮ ಅಜ್ಜಿಯ ಜಿಂಕೆ ಕೂರಿಸಿಬಿಟ್ಟೆ. "ಇದೇನೇ, ತಲೆ ಮೇಲೆ ಮರ ಹೊತ್ತ ಆಡು?" ಎಂದು ದೇನಿಪ ಆಡಿಕೊಂಡ. ಭಂತೆ ಬಂದು ನೋಡಿ, ಬುದ್ಧ ಮೊದಲ ಮಾತು ಹೇಳಿದ್ದು ಜಿಂಕೆಗಳ ವನದಲ್ಲಿ, ಇದು ಹಾದಿ ತಪ್ಪಿ ಬಂದದ್ದಲ್ಲ, ಇರಲಿ ಅಂದರು. ಈಗ ಈ ಊರಿನ ಗೋಡೆಗಳ ಮೇಲೆಲ್ಲ ಅಜ್ಜಿಯ ಜಿಂಕೆ ಇದೆ. ಅದು ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲ.

ಇನ್ನು ಆ ಫಲಕದ ಮಾತು. ನಡುವೆ ಬುದ್ಧ, ಅವನ ಬಲಕ್ಕೆ ಹೂ ಹಿಡಿದು ನಿಂತ ಅಪ್ಪ. ಮೊಣಕಾಲಿನವರೆಗಿನ ಅಂಗಿ, ಸಿಂಹದ ಮುಖದ ಸೊಂಟಪಟ್ಟಿ, ಕತ್ತಿ, ಚೂಪು ಟೊಪ್ಪಿ, ಜೋತು ಬಿದ್ದ ಮೀಸೆ. ಅಪ್ಪನ ಮೂಗಿನ ಮೇಲಿನ ಹಳೆಯ ಗಾಯವನ್ನೂ ದೇನಿಪ ಬಿಟ್ಟಿರಲಿಲ್ಲ. ಇಲ್ಲಿಯ ಕಲ್ಲುಕುಟಿಗರು ದೊಡ್ಡ ಫಲಕವನ್ನು ಅಲುಗದಂತೆ ಮೊಣಕಾಲಿನವರೆಗೆ ಮರಳಲ್ಲಿ ಹೂತು ಕೆತ್ತುತ್ತಾರೆ, ಪಾದಗಳನ್ನು ಎಲ್ಲಕ್ಕಿಂತ ಕೊನೆಗೆ. ಆ ಕೊನೆಯ ದಿನಗಳಲ್ಲಿ ನಾನು ಹೊಳೆಯಾಚೆ ಸುಣ್ಣದ ಗೂಡಿನ ಹತ್ತಿರವಿದ್ದೆ. ಫಲಕದ ಮೇಲಿನ ಬಟ್ಟೆ ಸರಿದ ದಿನ ನೀನು ಕಂಡಾಗಲೇ ನಾನೂ ಕಂಡೆ.

ಆ ಗಳಿಗೆ ನನ್ನ ಕಣ್ಣಿಂದ ಹೋಗುವುದಿಲ್ಲ. ಕುದುರೆಗಳ ಮೇಲೆ ನಮ್ಮವರೆಲ್ಲ ಸಾಲಾಗಿ ನಿಂತಿದ್ದರು. ಬಟ್ಟೆ ಕೆಳಗೆ ಬಿತ್ತು. ಅಪ್ಪ ಬರಿಗಾಲಲ್ಲಿ ನಿಂತಿದ್ದ. ಹತ್ತು ಬೆರಳು, ಒಂದೊಂದಕ್ಕೂ ಉಗುರು. ನಮ್ಮಲ್ಲಿ ಗಂಡಸಿನ ಬೂಟು ಕಳಚುವುದು ಅವನು ಸತ್ತ ಮೇಲೆ ಎಂಬುದು, ಸತ್ತವನ ಮುಖ ನೋಡಬಾರದು ಎಂಬುದು, ಈ ಊರಿನಲ್ಲಿ ಯಾರಿಗೆ ತಿಳಿದಿತ್ತು? ನಮ್ಮವರು ಒಬ್ಬೊಬ್ಬರಾಗಿ ಟೊಪ್ಪಿಯ ಮಡಿಕೆಯನ್ನು ಕಣ್ಣಿನ ಮೇಲೆ ಎಳೆದುಕೊಂಡರು. ಅಪ್ಪ ನಡುವೆ ಉಸಿರಾಡುತ್ತಾ ನಿಂತಿದ್ದ, ಒಬ್ಬನೂ ಅವನ ಕಡೆ ತಿರುಗಲಿಲ್ಲ. ನೀನು ಕೂಗಿದೆ, "ಯಾವನಲೇ ಅವನು ನಮ್ಮಪ್ಪನ ಬೂಟು ಬಿಚ್ಚಿದೋನು?" ನನ್ನ ಪೆದ್ದ ಗಂಡ ಹೊಗಳಿಕೆ ಅಂದುಕೊಂಡು ಎದೆ ಉಬ್ಬಿಸಿ ಮುಂದೆ ಬಂದ. "ನಾನೇ ಭಾವ! ಹೆಬ್ಬೆರಳು ನೋಡಿದ್ರಾ?" ಅಂದ. ನಿನ್ನ ಬಾಕು ಒರೆಯಿಂದ ಹೊರಗೆ ಬಂತು. ಅಪ್ಪ ನಿನ್ನ ಮಣಿಕಟ್ಟು ಹಿಡಿಯದಿದ್ದರೆ ನಾನಿವತ್ತು ವಿಧವೆ.

ನೀನು ಅಪ್ಪನ ಕೈ ಕೊಡವಿದೆ. ಅವನ ಮುಖ ನೋಡದೆ ಕೊಡವಿದೆ. ಕುದುರೆ ತಿರುಗಿಸಿದವನು ಮತ್ತೆ ಹಿಂದೆ ನೋಡಲಿಲ್ಲ, ನಿನ್ನ ಹಿಂದೆ ನಮ್ಮವರೆಲ್ಲ ಹೋದರು. ಸಂಜೆಯ ಹೊತ್ತಿಗೆ ಡೇರೆಗಳಿದ್ದ ಬಯಲಿನಲ್ಲಿ ಹುಲ್ಲು ಮಾತ್ರ ದುಂಡು ದುಂಡಾಗಿ ಬೆಳ್ಳಗಾಗಿ ಕಾಣುತ್ತಿತ್ತು. ನಾನು ಆ ದುಂಡುಗಳ ನಡುವೆ ಓಡಾಡಿದೆ. ನಮ್ಮ ಡೇರೆ ಇದ್ದ ಜಾಗ ಯಾವುದೆಂದು ಕೂಡ ನನಗೆ ಗುರುತು ಹತ್ತಲಿಲ್ಲ.

ಅಪ್ಪ ದೇನಿಪನನ್ನು ಬೈಯಲಿಲ್ಲ. "ಯಾಕಪ್ಪ ಹಿಂಗ್ ಮಾಡ್ದೆ?" ಅಂತ ಮಾತ್ರ ಕೇಳಿದ. ದೇನಿಪ ಅತ್ತುಬಿಟ್ಟ. ಭಂತೆ ಅಪ್ಪನನ್ನು ವಿಹಾರದ ಹಿಂದೆ ಕರೆದುಕೊಂಡು ಹೋಗಿ ಒಂದು ಹಳೆಯ ಕಲ್ಲು ತೋರಿಸಿದರು. ಅದರಲ್ಲಿ ಮರ ಇತ್ತು, ಮರದಡಿ ಖಾಲಿ ಪೀಠ ಇತ್ತು, ಪೀಠದ ಮುಂದೆ ಎರಡು ಪಾದದ ಗುರುತು. ಮೊದಮೊದಲು ಬುದ್ಧನ ಮುಖ ಕೆತ್ತಲು ಯಾರಿಗೂ ಧೈರ್ಯವಿರಲಿಲ್ಲವಂತೆ. ಜನ ಆ ಬರೀ ಪಾದಗಳಿಗೆ ಹಣೆ ಹಚ್ಚುತ್ತಿದ್ದರಂತೆ. "ನಮ್ಮೋರ್ಗೆ ಪಾದಕ್ಕಿಂತ ದೊಡ್ಡದು ಇನ್ನೊಂದಿಲ್ಲ ಕಣಪ್ಪ. ನಿನ್ನ ಮೇಲೆ ಪ್ರೀತಿ ಹೆಚ್ಚಾಗಿ ಹುಡ್ಗ ಅಲ್ಲಿಗೇ ಕೈ ಹಾಕವ್ನೆ," ಎಂದರು. ಅಪ್ಪ ಆ ಗುರುತಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಿದ್ದ.

ಅಲ್ಲಿಂದ ಬಂದವನು ನನ್ನ ಮುಂದೆ ಕಾಲು ಚಾಚಿ, "ಬಿಚ್ಚು ಮಗಳೇ," ಅಂದ. ನನ್ನ ಕೈ ಮೇಲೇಳಲಿಲ್ಲ. ಅದು ನಾನು ಅವನ ಹೆಣಕ್ಕೆ ಮಾಡಬೇಕಾದ ಕೆಲಸ. "ಬಿಚ್ಚೇ, ಹೆಂಗೂ ಸತ್ತಾಯ್ತಲ್ಲ, ಒಸಿ ಗಾಳಿ ಆಡ್ಲಿ," ಎಂದು ರೇಗಿದ. ನಾನು ಅಳುತ್ತಾ ಎಳೆದೆ. ಒಳಗಿದ್ದದ್ದು ಎಳೆಯ ಕೂಸಿನ ಪಾದ, ಅಣ್ಣಾ. ಇಷ್ಟು ವರ್ಷ ಬಿಸಿಲು ಕಾಣದೆ ಅಷ್ಟು ಬೆಳ್ಳಗೆ, ಅಷ್ಟು ಮೆತ್ತಗೆ. ಕುದುರೆಯ ಮೇಲೆ ಮೂರು ರಾಜ್ಯ ದಾಟಿದವನಿಗೆ ಬರಿಗಾಲಲ್ಲಿ ನೆಲದ ಮೇಲೆ ನಡೆಯಲು ಬರುತ್ತಿರಲಿಲ್ಲ. ಸ್ತೂಪದ ಸುತ್ತ ಹುಲ್ಲಿನ ಮೇಲೆ ಅವನಿಗೆ ಹೆಜ್ಜೆ ಕಲಿಸಿದೆ. ಕಲ್ಲು ಚುಚ್ಚಿದಾಗೆಲ್ಲ ಅವನು ಬೈಗುಳ ಶುರು ಮಾಡಿ, ಎಲ್ಲಿದ್ದೇನೆಂದು ನೆನಪಾಗಿ ಅರ್ಧಕ್ಕೇ ನುಂಗುತ್ತಿದ್ದ. ಆಮೇಲಾಮೇಲೆ ಬೆಳಗಿನ ಹೊತ್ತು ಒಬ್ಬನೇ ಸುತ್ತುತ್ತಿದ್ದ, ಮಂಜಿನಲ್ಲಿ ಒಂದು ಕಡೆ ಮರೆಯಾಗಿ ಇನ್ನೊಂದು ಕಡೆಯಿಂದ ಬರುತ್ತಿದ್ದ. ಅವನು ಸುಖವಾಗಿದ್ದಾನೆ ಎಂದೇ ನಾನು ತಿಳಿದಿದ್ದೆ. ನಿನ್ನ ಸುದ್ದಿ ಬಂದು ಅವನು ಗೋಡೆಗೆ ಮುಖ ಮಾಡಿ ಮಲಗುವವರೆಗೆ.

ಅಂದಿನಿಂದ ಅವನು ಇಳಿದುಹೋಗಿದ್ದಾನೆ. ಕೆಮ್ಮು ಎದೆಗೆ ಕೂತಿದೆ, ಕಣ್ಣಿಗೆ ಪೊರೆ ಬರುತ್ತಿದೆ. ಬಾಗಿಲಿಗೆ ಕುದುರೆಯ ಸಪ್ಪಳ ಬಂದರೆ ಕತ್ತು ಎತ್ತುತ್ತಾನೆ, ಬಂದವರು ಬೇರೆ ಯಾರೋ ಎಂದು ಗೊತ್ತಾದರೆ ನೀರು ಕೇಳುತ್ತಾನೆ. "ವಿರ್ಕಕ ಈಗ್ಲೂ ಎಡಕ್ಕೆ ವಾಲ್ಕೊಂಡೇ ಕೂರ್ತಾನೇನೇ ಕುದುರೆ ಮೇಲೆ? ಎಷ್ಟ್ ಹೇಳಿದ್ರೂ ಕೇಳಲಿಲ್ಲ ನನ್ಮಗ," ಎಂದು ಮೊನ್ನೆ ಅಂದ. ನನಗೇನು ಗೊತ್ತಪ್ಪ ಅಂದೆ. "ಹೌದಲ್ಲ, ನಿಂಗೇನ್ ಗೊತ್ತು," ಅಂದ. ಸ್ವಲ್ಪ ಹೊತ್ತಿನ ಮೇಲೆ, ನಾನಲ್ಲಿಲ್ಲ ಎಂದುಕೊಂಡು, ನಿನ್ನ ಹೆಸರು ಕರೆದ. ಉತ್ತರಕ್ಕೆ ಕಾದ. ಅದನ್ನು ಕೇಳಿಯೂ ನಾನು ಬದುಕಿದ್ದೇನೆ ನೋಡು.

ಬಂದು ಅಪ್ಪನನ್ನು ನೋಡು ಎಂದು ನಾನು ಹೇಳಿಕಳಿಸಿದ್ದಕ್ಕೆ ನೀನು ಕಳಿಸಿದ ಮಾತು ಬಂದು ತಲುಪಿತು: ಸತ್ತವರ ಮುಖ ನೋಡಲು ನಾನು ಬರಲಾರೆ, ಕಲ್ಲಿನಲ್ಲಿ ಕಳಚಿದ್ದು ಕಲ್ಲಿನಲ್ಲೇ ಮತ್ತೆ ತೊಟ್ಟರೆ ಹಿರಿಯರು ಸಾವನ್ನು ಹಿಂದಕ್ಕೆ ಪಡೆಯುತ್ತಾರೆ. ಅದಾಗದ ಮಾತು ಎಂದು ಗೊತ್ತಿದ್ದೇ ಹಿರಿಯರು ಹಾಗೆ ಹೇಳಿದ್ದಾರೆ, ನನಗೆ ಅವರು ಗೊತ್ತಿಲ್ಲವೇ. ಆ ಮಾತನ್ನು ದೇನಿಪನ ಮುಂದೆ ಇಟ್ಟೆ. "ಕಲ್ಲಿಂದ ತೆಗೀಬಹುದು ಕಣೇ, ಕಲ್ಲಿಗೆ ಹಾಕಕ್ಕಾಗಲ್ಲ," ಎಂದು ತಲೆ ಹಿಡಿದು ಕೂತ. ಹೊಸ ಫಲಕ ಕೆತ್ತುತ್ತೇನೆ ಎಂದ, ಅದಕ್ಕೆ ಅಪ್ಪನ ಆಯುಸ್ಸು ಸಾಲುವುದಿಲ್ಲ. ಆಗ ನಾನೆಂದೆ, ಕಲ್ಲಿಗೆ ಕೂಡಿಸಲು ಬರುವುದಿಲ್ಲ, ಗಾರೆಗೆ ಬರುತ್ತದೆ, ಆ ಪಾದಗಳ ಮೇಲೆ ನಾನು ಸುಣ್ಣದಲ್ಲಿ ಬೂಟು ಕಟ್ಟುತ್ತೇನೆ. ಅವನ ಮುಖ ಕಪ್ಪಿಟ್ಟಿತು. ಅವನು ಹುಟ್ಟಿದ ಮೇಲೆ ಕೆತ್ತಿದ್ದರಲ್ಲೆಲ್ಲ ಒಳ್ಳೆಯದು ಆ ಹತ್ತು ಬೆರಳು. ಎದ್ದು ಹೋದ. ನಾನು ನೋಡಿಕೊಂಡು ಬರಲು ಹೋದರೆ ಸುಣ್ಣ ನೆನೆಸುವ ಹೊಂಡದ ಹತ್ತಿರ ಕೂತು ಸುಣ್ಣಕ್ಕೆ ಮರಳು ಬೆರೆಸುತ್ತಿದ್ದ. "ಮೇಕೆ ಕೂದ್ಲು ತಾ, ಇಲ್ದಿದ್ರೆ ಬಿರುಕು ಬಿಡತ್ತೆ," ಅಂದ. ನೀನು ಯಾರ ಮೇಲೆ ಬಾಕು ಎತ್ತಿದೆಯೋ ಅವನು ಇಂಥವನು.

ಭಂತೆಯ ಒಪ್ಪಿಗೆಯೂ ಬೇಕಿತ್ತು. ಬುದ್ಧನ ಪಕ್ಕದಲ್ಲಿ ಬೂಟು ಹಾಕಿಕೊಂಡು ನಿಂತವನನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ಅವರು ನಕ್ಕುಬಿಟ್ಟರು. "ಬುದ್ಧನಿಗೇನೂ ನೋವಾಗಲ್ಲಮ್ಮ. ವಿಹಾರದ ಕಸ ಗುಡಿಸೋನಿಗೆ ಒಸಿ ಆಗ್ಬೋದು, ಅಷ್ಟೇ." ಅಪ್ಪನನ್ನು ಕೇಳಿದಾಗ ಅವನು ಮಾತ್ರ ನಗಲಿಲ್ಲ. "ಆ ಕಲ್ಲಿನ್ ಮುದುಕನಿಗೆ ಏನ್ ಬೇಕಾದ್ರೂ ಹಾಕು. ಹಾಸು ವಿರ್ಕಕನಿಗೇ ಇರ್ಲಿ, ನಾ ಎದ್ದು ಬಂದು ಕಿತ್ಕಳ್ಳಲ್ಲ ಅಂತ ಬರಿ. ನಂಗೆ ಹಾಸು ಬೇಡ, ಅವನ ಮುಖ ಬೇಕು," ಅಂದ. ಅವನ ಮಾತನ್ನು ಒಂದಕ್ಷರ ಬಿಡದೆ ಬರೆದಿದ್ದೇನೆ. ಓದುವ ಅಪ್ಪಯ್ಯಾ, ಇದನ್ನು ಇನ್ನೊಂದು ಸಲ ಓದು.

ಎಡಗಾಲಿನಿಂದ ಶುರು ಮಾಡಿದೆ. ನೋಡಿ ಮಾಡೋಣವೆಂದರೆ ಅಪ್ಪನ ಊದಿದ ಕಾಲಿಗೆ ಅವನ ಬೂಟೇ ಹಿಡಿಯಲಿಲ್ಲ. ನೆನಪಿನಿಂದ ಮಾಡಿದೆ. ಮೆತ್ತುತ್ತಾ ಮೆತ್ತುತ್ತಾ ನಾನು ಮತ್ತೆ ಬಂಡಿಯೊಳಗಿದ್ದೆ, ಹೊರಗೆ ಹಿಮ ಬೀಳುತ್ತಿತ್ತು, ನಿನ್ನ ದನಿ ಯಾವುದೋ ಹಾಡು ಗುನುಗುತ್ತಿತ್ತು. ಕಣ್ಣು ಬಿಟ್ಟಾಗ ಬೂಟು ಆಗಿತ್ತು. ಮೆತ್ತನೆಯ ತೊಗಲು, ಹಿಮ್ಮಡಿಯ ಹತ್ತಿರ ಸುಕ್ಕು, ಕಾಲಿನ ಸುತ್ತ ಬಿಗಿದ ವಾರು. ದೇನಿಪ ಬಂದು ಸುತ್ತಲೂ ನೋಡಿ, ತನ್ನ ಐದು ಬೆರಳು ಮುಚ್ಚಿಹೋದ ಜಾಗವನ್ನು ಒಮ್ಮೆ ಸವರಿ, "ನಿಮ್ಮೋರು ಚೆನ್ನಾಗೇ ಹೊಲೀತಾರೆ," ಎಂದ.

ಬಲಗಾಲನ್ನು ನಾನು ಮುಟ್ಟಿಲ್ಲ, ಅಣ್ಣಾ. ನಮ್ಮಲ್ಲಿ ಬೂಟು ಕಳಚುವುದು ಮಗಳ ಕೆಲಸ, ತೊಡಿಸುವುದು ಮಗನ ಕೆಲಸ. ಕಳಚುವುದನ್ನು ನಾನು ಮಾಡಿಯಾಗಿದೆ, ಅವನು ಉಸಿರಾಡುತ್ತಿರುವಾಗಲೇ ಮಾಡಿದ್ದೇನೆ. ಎಡಗಾಲಿನ ಬೂಟು, ಗಾರೆ ಕಲ್ಲನ್ನು ಹಿಡಿಯುತ್ತದೆ ಎಂದು ನಿನಗೆ ತೋರಿಸಲು ಮಾಡಿದ್ದು. ಬಲಗಾಲಿಗೆ ನಿನ್ನ ಕೈಯೇ ಬೇಕು. ನಿನಗೆ ಗಾರೆ ಕೆಲಸ ಬಾರದು, ಬೂಟು ಸೊಟ್ಟಗಾಗುತ್ತದೆ, ನೋಡಿದವರು ನಗುತ್ತಾರೆ. ನಗಲಿ. ಈಗ ನಮ್ಮಪ್ಪ ಬುದ್ಧನ ಪಕ್ಕದಲ್ಲಿ ಒಂದು ಕಾಲು ಬದುಕಿಸಿಕೊಂಡು, ಒಂದು ಕಾಲು ಸತ್ತು ನಿಂತಿದ್ದಾನೆ. ಬರುವಾಗ ಟೊಪ್ಪಿಯ ಮಡಿಕೆ ಮೇಲೆತ್ತಿಕೊಂಡು ಬಾ.

ನಿನ್ನ ಪಾಲಿನ ಸುಣ್ಣವನ್ನು ಹೊಂಡದಲ್ಲಿ ನೀರಿನಡಿ ಇಟ್ಟಿದ್ದೇನೆ. ನೀರಿನಡಿಯ ಸುಣ್ಣ ಗಟ್ಟಿಯಾಗುವುದಿಲ್ಲ, ಎಷ್ಟು ಕಾಲವಾದರೂ ಕಾಯುತ್ತದೆ. ಅಪ್ಪನ ಬಗ್ಗೆ ನಾನು ಹಾಗೆ ಬರೆಯಲಾರೆ.

ನಿನ್ನ ಕುದುರೆಗಳಿಗೆ ಹುಲ್ಲು ಸಿಗಲಿ, ಕಣಿವೆಯಲ್ಲಿ ಹಿಮ ನಿನಗಾಗಿ ಬೇಗ ಕರಗಲಿ.

ಇಂದಿಗೂ ನಿನ್ನ ತಂಗಿಯೇ ಆಗಿರುವ,
ಅಮಾಗಿ